ಕಣ್ಣು ಮಿಟುಕಿಸದ ಮಾಲೀಕರು

ನನ್ನ ನೆನಪಿನ ಸಾಕ್ಷ್ಯವನ್ನು ನಾನು ಪೂರ್ತಿ ನಂಬುವುದಿಲ್ಲ. ಅದು ಸುಳ್ಳು ಹೇಳುತ್ತದೆ ಅಂತಲ್ಲ; ನನಗೆ ಹಿತವಾಗುವ ಹಾಗೆ ಹೇಳುತ್ತದೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಸಂಖ್ಯಾಶಾಸ್ತ್ರ ಓದಿ ನಾನು ಕಲಿತದ್ದು ಯಾರ ಮಾತನ್ನೂ ಪರೀಕ್ಷಿಸದೆ ನಂಬಬಾರದೆಂದು. ಆ 'ಯಾರ' ಎಂಬುದರಲ್ಲಿ ನಾನೂ ಸೇರಿದ್ದೇನೆಂದು ತಿಳಿಯಲು ಒಂದು ಭತ್ತದ ಸುಗ್ಗಿ ಬೇಕಾಯಿತು.

ಶಿಕಾರಿಪುರದ ಮಹದೇವಕ್ಕನ ಬಳಿ ಭತ್ತ ಕೊಯ್ಯುವ ಮಷೀನು ಎರಡಿವೆ. ಸುಗ್ಗಿಯಲ್ಲಿ ಅವರ ಫೋನಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ರೈತರು ತಮ್ಮ ಸರದಿಯನ್ನು ತಾವೇ ಹಿಡಿದುಕೊಳ್ಳಲಿ ಎಂದು ನಾನೊಂದು ಆ್ಯಪ್ ಮಾಡಿದೆ. ಒಂದು ವರ್ಷ ಅದೇ ನನ್ನ ಕೂಸು. ಹೊಸಬರು ಐದು ಪರದೆ ದಾಟಿದರೆ ನೋಂದಣಿ ಮುಗಿಯಿತು. ಯಾರು ಯಾವ ಪರದೆಯಲ್ಲಿ ಎಷ್ಟು ಹೊತ್ತು ನಿಂತರು, ಎಲ್ಲಿಂದ ಹಿಂದಿರುಗಿದರು ಎಂಬುದೆಲ್ಲ ನನ್ನ ಲ್ಯಾಪ್‌ಟಾಪಿನಲ್ಲಿ ಮೆಟ್ಟಿಲುಗಳ ಚಿತ್ರವಾಗಿ ಮೂಡುತ್ತದೆ. ಮೊದಲೆರಡು ಮೆಟ್ಟಿಲು ಜನ ಸರಾಗವಾಗಿ ಹತ್ತುತ್ತಿದ್ದರು. ಮೂರನೆಯದರಲ್ಲಿ ಬಹಳ ಹೊತ್ತು ನಿಂತು, ಮಾಯವಾಗುತ್ತಿದ್ದರು.

ಮಹದೇವಕ್ಕ ಗಡುವು ಕೊಟ್ಟರು. "ನೋಡ್ರೀ, ಸೊರಬದ ಕಡೆ ಭತ್ತ ಹಣ್ಣಾಗೋವರೆಗೂ ಕಾಯ್ತೀನಿ. ಅಷ್ಟರಾಗ ಜನ ಬರಲಿಲ್ಲ ಅಂದ್ರ ನಿಮ್ಮ ಆ್ಯಪ್‌ಗೆ ಕೈ ಮುಗುದು ಬಿಡ್ತೀನಿ."

ನಾನು ಮೊದಲು ನೆಟ್‌ವರ್ಕನ್ನು ಬೈದೆ. ಆಮೇಲೆ ಗುಂಡಿಯ ಬಣ್ಣ ಹಸಿರು ಮಾಡಿದೆ, ಅಕ್ಷರ ದಪ್ಪ ಮಾಡಿದೆ. ಮೆಟ್ಟಿಲು ಜಗ್ಗಲಿಲ್ಲ. ತಪ್ಪು ಆ್ಯಪಿನದಲ್ಲ ಎನ್ನುವುದಕ್ಕೆ ನನ್ನ ಬಳಿ ಗಟ್ಟಿ ಪುರಾವೆಯೂ ಇತ್ತು: ಬಳ್ಳಿಗಾವಿಯಲ್ಲಿ ಮೊದಲು ಪರೀಕ್ಷೆ ಮಾಡಿದ ದಿನ ಹನ್ನೆರಡು ಜನ ಕಟ್ಟೆಯ ಮೇಲೆ ಕೂತು, ತಂತಮ್ಮ ಫೋನಿನಲ್ಲಿ ಒತ್ತಿ ಒತ್ತಿ ಐದೂ ಪರದೆ ದಾಟಿದ್ದು ಕಣ್ಣಿಗೆ ಕಟ್ಟಿದಂತಿದೆ. ಆದರೂ ಸಂದೇಹದ ಪ್ರಾಣಿ ನಾನು. ಆ ದಿನದ ದಾಖಲೆ ತೆಗೆದು ನೋಡಿದೆ. ಹನ್ನೆರಡೂ ನೋಂದಣಿ ಒಂದೇ ಫೋನಿನಿಂದ ಆಗಿದ್ದವು. ಅದು ನನ್ನ ಫೋನು. ಅಷ್ಟೂ ಜನರ ಮುಖಕ್ಕೆ ಅದನ್ನು ಹಿಡಿದು, "ಹೂಂ, ಕಣ್ಣು ಮಿಟುಕಿಸಿ" ಎಂದವನು ನಾನೇ. ಕಣ್ಣಿಗೆ ಕಟ್ಟಿದ್ದು ಕಣ್ಣಿಗೆ ಕಟ್ಟಿದ ಬಟ್ಟೆಯಾಗಿತ್ತು.

ಮರುದಿನ ಬಸ್ಸು ಹತ್ತಿ ಗುಡವಿಯ ಹತ್ತಿರದ ಒಂದು ಹಳ್ಳಿಗೆ ಹೋದೆ. ಮೂರನೆಯ ಪರದೆಯಲ್ಲಿ ಮೂರು ದಿನದಿಂದ ನಿಂತಿದ್ದ ಬಸಪ್ಪ ಎಂಬವರ ಮನೆ. ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಇಲ್ಲದಿದ್ದರೆ ಅವು ಸುಮ್ಮನಿರುವುದಿಲ್ಲ. "ನೀವೇ ಮಾಡಿ, ನಾನು ನೋಡ್ತೀನಿ" ಎಂದೆ.

ಮೊದಲೆರಡು ಪರದೆ ಸಲೀಸು. ಮೂರನೆಯದು ಬಂತು: 'ಜಮೀನಿನ ಮಾಲೀಕರ ಫೋಟೊ ತೆಗೆಯಿರಿ.' ಬಸಪ್ಪ ಎದ್ದರು, ಗೋಡೆಯ ಹತ್ತಿರ ಹೋದರು, ಹಾರ ಹಾಕಿದ ಪಟವೊಂದಕ್ಕೆ ಭಕ್ತಿಯಿಂದ ಫೋನು ಹಿಡಿದರು.

"ಅದು ಯಾರು?"

"ಮಾಲೀಕ್ರು. ನಮ್ಮಪ್ಪ. ಪಹಣಿ ಇನ್ನೂ ಅವರ ಹೆಸರಲ್ಲೇ ಇದೆಯಲ್ರೀ. ನಾನು ನನ್ನ ಮುಖ ತೋರಿಸಿದ್ರೆ ಸುಳ್ಳಾಗಲ್ವಾ?"

ಎದುರಿಗಿರುವುದು ಜೀವಂತ ಮುಖವೇ ಎಂದು ಖಾತ್ರಿ ಮಾಡಿಕೊಳ್ಳಲು ಫೋನು ಮೃದುವಾಗಿ ಆಜ್ಞಾಪಿಸಿತು: 'ಕಣ್ಣು ಮಿಟುಕಿಸಿ.' ಪಟ ಒಪ್ಪಲಿಲ್ಲ.

"ಗಾಜು ಹೊಳೀತದೇನೋ ಅಂತ ನಿನ್ನೆ ಒರೆಸಿಯೂ ನೋಡ್ದೆ" ಎಂದರು ಬಸಪ್ಪ.

ಒಳಗಿನಿಂದ ಅವರ ಹೆಂಡತಿ ನಾಗಮ್ಮ ಚಾ ತಂದಿಟ್ಟರು. "ನಮ್ಮ ಮಾವ ಬದುಕಿದ್ದಾಗ್ಲೇ ಯಾರ ಮಾತೂ ಕೇಳ್ತಿರಲಿಲ್ಲ. ಈಗ ನಿಮ್ಮ ಫೋನು ಹೇಳ್ತು ಅಂತ ಕಣ್ಣು ಮಿಟುಕಿಸ್ತಾರಾ?"

ನಾನು ಚಾ ಎತ್ತಿಕೊಂಡೆ. ಬಳ್ಳಿಗಾವಿಯ ಶಾಸನಗಳು ನೆನಪಾದವು (ಅವು ಕಲ್ಲಿನಲ್ಲಿರುವುದರಿಂದ ಈ ನೆನಪನ್ನು ನೀವು ನಂಬಬಹುದು). ದತ್ತಿ ಬಿಟ್ಟ ಭೂಮಿ, ಅದರ ಎಲ್ಲೆ, ಮೇಲೆ ಸಾಕ್ಷಿಗೆ ಸೂರ್ಯ ಚಂದ್ರರು. ಅಷ್ಟು ಶತಮಾನ ನಿಂತ ದಾಖಲೆಗೆ ಯಾರೂ ಕಣ್ಣು ಮಿಟುಕಿಸಬೇಕಾಗಿರಲಿಲ್ಲ. ನಮ್ಮ ಕಡೆ ಅದೆಷ್ಟೋ ಗದ್ದೆಗಳ ಮಾಲೀಕರು ಗೋಡೆಯ ಮೇಲಿದ್ದಾರೆ. ನನ್ನ ಮೆಟ್ಟಿಲ ಚಿತ್ರದಲ್ಲಿ 'ಬಿಟ್ಟು ಹೋದವರು' ಎಂದು ಕೆಂಪಗೆ ಕಂಡವರು ಬಿಟ್ಟು ಹೋಗಿರಲಿಲ್ಲ. ಸುಳ್ಳು ಹೇಳಲಾರದೆ ನಿಂತಿದ್ದರು.

ಶಿಕಾರಿಪುರಕ್ಕೆ ಮರಳಿದ ಕೂಡಲೇ ಫೋಟೊದ ಪರದೆಯನ್ನು ಕಿತ್ತುಹಾಕಿ ಒಂದೇ ಪ್ರಶ್ನೆ ಇಟ್ಟೆ: 'ಮಷೀನು ಬಂದಾಗ ಗದ್ದೆಯಲ್ಲಿ ಯಾರಿರುತ್ತೀರಿ?' ವಾರದೊಳಗೆ ಮೂರನೆಯ ಮೆಟ್ಟಿಲಲ್ಲಿ ಜನ ನಿಲ್ಲುವುದು ತಪ್ಪಿತು. ಸೊರಬದ ಗದ್ದೆಗಳು ಹಳದಿಗೆ ತಿರುಗುವ ಹೊತ್ತಿಗೆ ಬಸಪ್ಪನವರನ್ನೂ ಸೇರಿಸಿ ಎರಡೂ ಮಷೀನಿನ ಸರದಿ ತುಂಬಿತು.

ಗೆದ್ದೆನೆಂದು ಹೇಳಲು ಹೋದರೆ, ಮಹದೇವಕ್ಕ ಪಟ್ಟಿ ಮುಂದಿಟ್ಟುಕೊಂಡು ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದರು. "ನಾಳೆ ಬರ್ತೀವ್ರೀ. ಸೊಸಿ ಹೆರಿಗಿ ಆತೇನು? ಹೆಣ್ಣಾ? ಭೇಷ್!"

"ಅಕ್ಕಾ, ಇದನ್ನೆಲ್ಲ ತಪ್ಪಿಸೋದಕ್ಕೇ ಅಲ್ವಾ ಆ್ಯಪ್ ಮಾಡಿದ್ದು?"

"ಆ್ಯಪ್ ಇರ್ಲಿ, ತಗಿಯಂಗಿಲ್ಲ. ಸರದಿ ಅದು ನೋಡ್ಕೊಳ್ಳಲಿ, ಮಾತು ನಾ ಆಡ್ತೀನಿ."

ನನ್ನ ಚಾಳಿ ಬಿಡುತ್ತದೆಯೇ? ಈ ಕರೆಗಳು ಎಷ್ಟು ಹೊತ್ತು ನಡೆಯುತ್ತವೆ, ಯಾರು ಎಷ್ಟು ಮಾತಾಡುತ್ತಾರೆ, ಅದನ್ನೂ ಅಳೆದು ನೋಡೋಣವೇ ಎಂದು ಕೇಳಿದೆ.

ಮಹದೇವಕ್ಕ ಫೋನನ್ನು ಅಂಗೈಯಿಂದ ಮುಚ್ಚಿಕೊಂಡರು. "ಬ್ಯಾಡ್ರೀ ಮಾರಾಯ್ರ. ಅಳದ್ರ ನೀವು ಇದನ್ನೂ ಸುಧಾರಿಸಿಬಿಡ್ತೀರಿ."