ಅಕ್ಕನ ತೊಟ್ಟೆ

ಆಗೆಲ್ಲ ನಮ್ಮ ನೆಕ್ರಾಜೆಯಲ್ಲಿ ‘ಗುಡ್ಡೆಗೆ ಹೋಗುವುದು’ ಎಂದರೆ ಚೊಂಬು ಹಿಡಿದು ಹೋಗುವುದು ಎಂದೇ ಅರ್ಥ. ಹಾಗಾಗಿ ಪ್ಲಸ್ ವನ್, ಅಂದರೆ ಹನ್ನೊಂದನೆಯ ತರಗತಿ, ಓದುತ್ತಿದ್ದ ಅಕ್ಕ ಅಶ್ವಿನಿ ಊಟದ ಹೊತ್ತಿಗೆ, “ಅಮ್ಮಾ, ಈ ಆದಿತ್ಯವಾರದಿಂದ ಶಾಲೆಯವರು ನಾವೆಲ್ಲ ಗುಡ್ಡೆಗೆ ಹೋಗ್ಲಿಕ್ಕುಂಟು” ಎಂದಾಗ ನನಗೆ ನಗು ತಡೆಯಲಿಲ್ಲ.

“ಇಡೀ ಶಾಲೆಯಾ? ನೀರು ಸಾಕಾದೀತಾ ಅಕ್ಕಾ?”

“ಥೂ, ಉಣ್ಣುವಾಗ ಎಂತ ಮಾತು ಮಾರಾಯ. ದಾರಿ ಕ್ಲೀನ್ ಮಾಡ್ಲಿಕ್ಕೆ. ನಾನೇ ಲೀಡರ್.”

ಆ ಲೀಡರ್ ಎಂಬ ಮಾತು ನನಗೆ ಚುಚ್ಚಿತು. ನಾನು ಏಳನೆಯದಕ್ಕೇ ಶಾಲೆ ಬಿಟ್ಟು ದನ ನೋಡಿಕೊಂಡಿದ್ದವನು.

ಗುಡ್ಡದ ತುದಿಯಿಂದ ಕಡಲು ಕಾಣುತ್ತದೆಂದು ಪೇಟೆಯವರು ನಡೆದು ಹತ್ತಲು ಬರುತ್ತಿದ್ದರು. ಅವರು ಬಿಸಾಡಿದ ಬಿರಿಯಾನಿ ಪೊಟ್ಟಣ, ಮಳೆನೀರು ಕುಡಿದು ಉಬ್ಬಿದ ಮಕ್ಕಳ ಪ್ಯಾಡು, ಮುಳ್ಳಿಗೆ ಅಂಟಿದ ಕೋಳಿಪುಕ್ಕ. ಊರವರದ್ದೂ ಕಡಿಮೆಯೇನಲ್ಲ. ಮೂಗು ಮುಚ್ಚದೆ ನಡೆಯುವ ಹಾಗಿರಲಿಲ್ಲ.

ಅಮ್ಮ ಬೂತಾಯಿ ಮೀನು ಸೋಸಿದ ದಿನ ನಾನು ಅದರ ತಲೆ, ಕರುಳು ಎಲ್ಲ ಒಟ್ಟುಮಾಡಿದೆ. ಜವುಳಿ ಅಂಗಡಿಯ ಗಿಳಿಚಿತ್ರದ ಪ್ಲಾಸ್ಟಿಕ್ ತೊಟ್ಟೆಯೊಂದಕ್ಕೆ ತುಂಬಿಸಿ ಗಂಟು ಹಾಕಿ ದನದ ಹಟ್ಟಿಯ ಹಿಂದೆ ಬಿಸಿಲಿಗಿಟ್ಟೆ. ತೊಟ್ಟೆ ಅಕ್ಕನದು, ಹೊಸತು ಸಿಕ್ಕಿದ ಮೇಲೆ ಮೂಲೆಗೆ ಹಾಕಿದ್ದು. ಚಂದ ಕಂಡರೆ ಯಾರಾದರೂ ಬಿಚ್ಚಿಯಾರೆಂಬ ಉಪಾಯ. ಆದಿತ್ಯವಾರ ಬೆಳಿಗ್ಗೆ ಅದನ್ನು ದಾರಿಯಲ್ಲಿಟ್ಟು ಗೇರುಮರದ ಹಿಂದೆ ಕೂತೆ.

ಅಕ್ಕನ ಗೆಳತಿಯೊಬ್ಬಳು ಬಿಚ್ಚಿದಳು. ಕೊಳೆತ ನೀರು ಅವಳ ಮೊಣಕೈವರೆಗೆ ಇಳಿಯಿತು, ಬಿಳಿ ಹುಳ ಅಂಗೈಯಲ್ಲಿ ಹರಿದಾಡಿತು. ಅವಳು ಅಲ್ಲೇ ವಾಂತಿ ಮಾಡಿದಳು. ನಾನು ಬಾಯಿಗೆ ಅಂಗಿ ತುರುಕಿಕೊಂಡು ನಕ್ಕೆ.

ಬಾಯಿ ಒರೆಸಿಕೊಂಡು ಅವಳು ತೊಟ್ಟೆ ನೋಡಿದಳು. “ಇದು ಅಶ್ವಿನಿ ದಿನಾ ಪುಸ್ತಕ ಹಾಕಿ ತರುತ್ತಿದ್ದ ತೊಟ್ಟೆ ಅಲ್ವಾ ಟೀಚರ್?”

ತೊಟ್ಟೆಯ ಗುರುತು ಸಿಕ್ಕೀತೆಂದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

“ಎಂತ ಅಶ್ವಿನಿ, ನಿಮ್ಮ ಮನೆಯದ್ದಾ?” ಟೀಚರ್ ಕೇಳಿದರು.

ಅಕ್ಕ ಸುತ್ತ ನೋಡಿದಳು. ಗೇರುಮರದ ಬುಡದಲ್ಲಿ ನನ್ನ ಕಾಲು ಅವಳಿಗೆ ಕಂಡಿತು. ‘ನಾನು’ ಎಂದು ನಾನೊಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಾಲು ಒಳಗೆಳೆದುಕೊಂಡೆ.

“ಹೌದು ಟೀಚರ್, ನಮ್ಮದೇ.”

“ಲೀಡರ್ ಮೊದಲೇ ಗುಡ್ಡೆಗೆ ಹೋಗಿ ಬಂದಿದ್ದಾಳೆ” ಎಂದು ಯಾರೋ ಅಂದರು. ಎಲ್ಲರೂ ಮೂಗು ಮುಚ್ಚಿಕೊಂಡೇ ನಕ್ಕರು. ಅಕ್ಕ ಕೂತು ಆ ಹುಳ, ಕರುಳು ಎಲ್ಲವನ್ನೂ ಬರಿಗೈಯಲ್ಲಿ ಬಾಚಿದಳು. ನಾನು ಎದ್ದು ಅವಳ ಹತ್ತಿರ ಹೋಗಲಿಲ್ಲ.

ಮುಂದಿನ ವಾರದಿಂದ ಬೇರೆ ಲೀಡರ್. ಅಕ್ಕ ಮತ್ತೆ ಗುಡ್ಡಕ್ಕೆ ಹೋಗಲಿಲ್ಲ, ಅಮ್ಮನಿಗೆ ದೂರು ಹೇಳಲೂ ಇಲ್ಲ.

ಈಗ ಆ ದಾರಿಗೆ ಕಾಂಕ್ರೀಟು ಬಿದ್ದಿದೆ, ನಾತ ಮೊದಲಿನದ್ದೇ. ಕುಂಜತ್ತೂರಿನ ಗಂಡನ ಮನೆಯಿಂದ ಅಕ್ಕ ಫೋನು ಮಾಡಿ ಊಟ ಆಯಿತಾ ಎಂದು ಕೇಳುತ್ತಾಳೆ, ಇಡುತ್ತಾಳೆ. ಗುಡ್ಡದ ಆ ದಿನದವರೆಗೆ ಅವಳು ದಿನಾ ಸಂಜೆ ಚಾ ಕುಡಿಯುತ್ತಾ ಟೀಚರ್ ಏನು ಕಲಿಸಿದರು, ಯಾರಿಗೆ ಬೈದರು ಎಂದು ಎಲ್ಲ ನನಗೆ ಹೇಳುತ್ತಿದ್ದಳು. ನಾನು ಬಿಟ್ಟ ಶಾಲೆ ಅವಳ ಬಾಯಿಂದ ನನಗೆ ಅಷ್ಟಷ್ಟು ಸಿಗುತ್ತಿತ್ತು. ಆ ಆದಿತ್ಯವಾರದ ನಂತರ ಅಕ್ಕ ಶಾಲೆಯ ಒಂದು ಮಾತನ್ನೂ ಮನೆಗೆ ತರಲಿಲ್ಲ.