ನಮ್ಮವರ ತಲೆಯೊಳಗಿನ ಬಿಳಿ ಚುಕ್ಕೆ

ಹಸು ಕರೆದು ಡೈರಿಗೆ ಹಾಲು ಹಾಕಿ ಬಂದೆ. ತೋಟದಲ್ಲಿ ಒಂದು ಹೊರೆ ಸೊಪ್ಪು ಕೊಯ್ದು ರೇಷ್ಮೆಹುಳಕ್ಕೆ ಹಾಕಿದೆ. ಹಿಕ್ಕೆ ಬಾಚಿದೆ. ಮಧ್ಯಾಹ್ನದ ಸೊಪ್ಪು ಹಾಕುವುದನ್ನು ಅತ್ತೆಗೆ ಒಪ್ಪಿಸಿ, ನಮ್ಮವರ ಹಳೇ ಸ್ಕ್ಯಾನಿನ ಫಿಲಂ ಬಟ್ಟೆ ಚೀಲಕ್ಕೆ ಹಾಕಿಕೊಂಡು, ಅವರ ಜೊತೆ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಎರಡು ವರ್ಷದ ಹಿಂದೆ ಅವರು ರೇಷ್ಮೆಹುಳ ಸಾಕುವ ಮನೆಯಲ್ಲೇ ಫಿಟ್ಸ್ ಬಂದು ಬಿದ್ದಿದ್ದರು. ಮಿದುಳಲ್ಲಿ ಲಾಡಿಹುಳದ ಮರಿ ಸೇರಿಕೊಂಡಿದೆ ಅಂದಿದ್ದರು ಡಾಕ್ಟರು. "ಮಾಂಸ ಮುಟ್ಟದ ಮನೆ ನಮ್ದು" ಅಂತ ಅತ್ತೆ ಜಗಳಕ್ಕೇ ನಿಂತಿದ್ದರು. ತೊಳೆಯದ ತರಕಾರಿ, ಕೊಳಕು ನೀರಿನಿಂದಲೂ ಅದರ ಮೊಟ್ಟೆ ಹೊಟ್ಟೆಗೆ ಹೋಗುತ್ತದಂತೆ. ಹುಳಕ್ಕೆ ಔಷಧಿ ಮುಗಿದಿತ್ತು. ಫಿಟ್ಸಿನ ಮಾತ್ರೆ ನಡೆಯುತ್ತಿತ್ತು. ಮೊಪೆಡ್ ಓಡಿಸಬಾರದು ಅಂದಿದ್ದರಿಂದ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ಯಲು ಪ್ರತಿ ಸಲವೂ ಪಕ್ಕದ ಮನೆಯವರನ್ನು ಕೇಳಬೇಕು. ಅದೇ ಅವರಿಗೆ ಸಂಕಟ. ಈ ಸಲದ ಸ್ಕ್ಯಾನ್ ಆದಮೇಲೆ ಮಾತ್ರೆ ನಿಲ್ಲುತ್ತದೆ, ಮೊಪೆಡ್ ಕೈಗೆ ಬರುತ್ತದೆ ಅಂತ ಬಸ್ಸಿನುದ್ದಕ್ಕೂ ಹೇಳುತ್ತಿದ್ದರು.

ಡಾಕ್ಟರು ಹೊಸ ಫಿಲಂ ಬೆಳಕಿಗೆ ಹಿಡಿದು ಬಿಳಿ ಚುಕ್ಕೆ ತೋರಿಸಿದರು. "ಹುಳ ಸತ್ತಿದೆ. ಸುಣ್ಣದ ಹಾಗೆ ಗಟ್ಟಿಯಾಗಿ ಅಲ್ಲೇ ಕೂತಿದೆ."

ನಮ್ಮವರ ಮುಖ ಬಿಳಚಿಕೊಂಡಿತು. ನನ್ನದೂ. ರೇಷ್ಮೆಹುಳ ಸೀಮೆಸುಣ್ಣದ ಹಾಗೆ ಬೆಳ್ಳಗೆ ಸೆಟೆದು ಸತ್ತರೆ, ಅದರ ಧೂಳು ತಾಗಿ ಇಡೀ ತಟ್ಟೆಯ ಹುಳ ಸಾಯುತ್ತವೆ. ಆರಿಸಿ ಸುಡಬೇಕು.

"ಸಾರ್, ಅದನ್ನ ಆರಿಸಿ ತೆಗೆದ್ಬಿಡಿ. ಒಂದಿದ್ರೆ ಎಲ್ಲಕ್ಕೂ ಹತ್ತುತ್ತೆ," ಅಂದರು ನಮ್ಮವರು.

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನೇ ಬಿಡಿಸಿ ಹೇಳಿದೆ. ನಗಲಿಲ್ಲ ಅವರು. "ಇದು ಹರಡಲ್ಲಮ್ಮ. ತೆಗೆಯೋದೂ ಬೇಡ. ಆದ್ರೆ ಅದರ ಸುತ್ತ ಮಿದುಳು ಕೆರಳಿದ್ರೆ ಮತ್ತೆ ಫಿಟ್ಸ್ ಬರಬಹುದು. ಮಾತ್ರೆ ನಿಲ್ಲಿಸ್ಬೇಡಿ. ಗಾಡಿಯೂ ಬೇಡ."

"ಸತ್ತ ಮೇಲೂ ಬಿಡಲ್ವಲ್ಲ ಇದು!" ಅಂದರು ನಮ್ಮವರು, ವಾಪಸ್ ಬರುವಾಗ ಬಸ್ಸಿನಲ್ಲಿ.

ಮನೆಗೆ ಬಂದವರೇ ಮೊಪೆಡ್ಡಿನ ಕೀ ತಂದು ನನ್ನ ಕೈಗಿಟ್ಟರು. "ನೀನೇ ಕಲ್ತ್ಕೊಳ್ಳೇ. ನಾನು ಹಿಂದೆ ಕೂತ್ಕೊಂಡು ಬೈತೀನಿ."

"ಇಷ್ಟು ದಿನ ಬೈದೇ ಇಲ್ಲ ಅನ್ನೋ ಹಂಗೆ ಹೇಳ್ತೀರಲ್ರೀ," ಅಂದೆ.

ಸಂಜೆ ಕಣದಲ್ಲಿ ಎರಡು ಸುತ್ತು ಹೊಡೆದೆ. ಮೂರನೆಯದರಲ್ಲಿ ಹೋಗಿ ಹುಲ್ಲಿನ ಬಣವೆಗೆ ಗುದ್ದಿದೆ. ಅತ್ತೆ ಜಗಲಿಯಿಂದಲೇ, "ಅವನದಾಯ್ತು, ಇನ್ನು ನಿನ್ನ ತಲೆಗೂ ಸ್ಕ್ಯಾನ್ ಮಾಡಿಸ್ಬೇಕೇನಮ್ಮ?" ಅಂದರು. ನಮ್ಮವರು ಆ ದಿನ ಮೊದಲ ಸಲ ನಕ್ಕರು.

ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು. ಉಂಡು, ಯಾರೂ ನೆನಪಿಸದೆ ತಾವೇ ಮಾತ್ರೆ ನುಂಗಿ, ಎಲ್ಲರಿಗಿಂತ ಮೊದಲು ಅವರೇ ಮಲಗಿದರು.