ನಾಲ್ಕೇ ಸಲ ತೊಳೆಯುವ ಕೈ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಂಶೋಧನಾಲಯದ ಎರಡನೇ ಮಹಡಿಯಲ್ಲಿ ಒಂದೇ ಕಿಟಕಿಗೆ ದೀಪ. ಬಿಳಿ ಕೋಟಿನ ಹೆಂಗಸೊಬ್ಬರು ಅಂಗೈಯಗಲದ ತಟ್ಟೆಯನ್ನು ತುಸುವೇ ಓರೆ ಮಾಡಿ, ಅಂಚಿನಿಂದ ಬೆಚ್ಚಗಿನ ಉಪ್ಪುನೀರು ಇಳಿಸುತ್ತಿದ್ದಾರೆ. ತುಟಿ ಎಣಿಸುತ್ತಿದೆ: ಒಂದು, ಎರಡು, ಮೂರು, ನಾಲ್ಕು. ಸಾಕು. ಇಪ್ಪತ್ತೆರಡು ವರ್ಷಗಳಿಂದ ಎಲ್ಲರಿಗೂ ಇವರು ‘ತಟ್ಟೆ ಅಕ್ಕ’.

ತಟ್ಟೆಯ ತಳದಲ್ಲಿ ರಕ್ತನಾಳದ ಒಳಗೋಡೆಯ ಜೀವಕೋಶಗಳಿವೆ. ಅವುಗಳ ಮೇಲೆ ಮಲೇರಿಯಾ ಹೊಕ್ಕ ಕೆಂಪು ರಕ್ತಕಣಗಳನ್ನು ಬಿಟ್ಟಿದ್ದಾರೆ. “ಒಳಗೆ ಕೂತಿರೋ ರೋಗಾಣು ಕಣದ ಮೈಮೇಲೆ ಸಣ್ಣ ಸಣ್ಣ ಗುಬುಟು ಎಬ್ಬಿಸತ್ತೆ. ಗೋಡೆ ಮೇಲೆ ಕೊಕ್ಕೆ ಥರ ಇರೋ ಗ್ರಾಹಕಗಳಿಗೆ ಅದರಿಂದ್ಲೇ ಕಚ್ಕೊಳ್ಳೋದು. ಸುಮ್ನೆ ಹರಿದು ಹೋದ್ರೆ ರಕ್ತ ಸೋಸೋ ಗುಲ್ಮ ಹಿಡಿದು ಹಾಕತ್ತಲ್ಲ, ಅದಕ್ಕೇ ಈ ಕಳ್ಳಾಟ!” ಎಂದು ಅಕ್ಕ ನಗುತ್ತಾರೆ. ಮಿದುಳಿನ ಸಣ್ಣ ನಾಳಗಳಲ್ಲಿ ಹೀಗೆ ಅಂಟಿ ಕೂತರೆ ರೋಗಿಗೆ ಎಚ್ಚರ ತಪ್ಪುತ್ತದೆ. ಅಕ್ಕನ ಅಣ್ಣ ಹಾಗೆಯೇ ಹೋದದ್ದು, ಹತ್ತೊಂಬತ್ತನೇ ವಯಸ್ಸಿನಲ್ಲಿ.

ಕಣಗಳು ಅಂಟುವ ಹದಕ್ಕೆ ಬಂದ ದಿನ ಮೂವತ್ತು ತಟ್ಟೆ ತೊಳೆಯಬೇಕು. ಕಮ್ಮಿ ತೊಳೆದರೆ ಅಂಟದವೂ ಉಳಿಯುತ್ತವೆ, ಜಾಸ್ತಿಯಾದರೆ ಅಂಟಿದವೂ ಕಿತ್ತು ಬರುತ್ತವೆ. ಆಮೇಲೆ ಸೂಕ್ಷ್ಮದರ್ಶಕದಡಿ ತಟ್ಟೆಗೆ ಮುನ್ನೂರು ಕೋಶ ನೋಡಿ, ಅಂಟಿದ ಕಣಗಳನ್ನು ಒಂದೊಂದಾಗಿ ಎಣಿಸಬೇಕು. ತೊಳೆಯಲು ಯಂತ್ರವೂ ಬಂದಿತ್ತು, ಆದರೆ ಅಂಟಿದ ಕಣಗಳನ್ನೂ ಕಿತ್ತುಬಿಡುತ್ತಿತ್ತು. ಅದು ಈಗ ಮೂಲೆಯಲ್ಲಿ ಬಟ್ಟೆ ಹೊದ್ದು ಮಲಗಿದೆ.

ಹೋದ ವರ್ಷ, ಕಣಗಳು ಅಂಟದಂತೆ ತಡೆಯಲೆಂದು ಹೊಸ ಔಷಧಿ ಹಾಕಿದ ತಟ್ಟೆಗಳಲ್ಲಿ ಅಂಟಿದ ಕಣಗಳು ಬೆರಳೆಣಿಕೆಯಷ್ಟೇ ಕಂಡವು. ಉಳಿದವರಿಗೆಲ್ಲ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಕ್ಕ ಮಾತ್ರ ಆ ದಿನದ ಎಣಿಕೆಯನ್ನೇ ಮತ್ತೆ ಮತ್ತೆ ನೆನೆದು ನೋಡಿದರು. ಆ ತಟ್ಟೆಗಳನ್ನು ತೊಳೆಯುವಾಗ ಮಗಳಿಗೆ ಜ್ವರವೆಂದು ಮನೆಯಿಂದ ಫೋನು ಬಂದು ಎಣಿಕೆ ತಪ್ಪಿತ್ತು. ನಾಲ್ಕೋ, ಐದೋ? ವರ್ಷ ವರ್ಷ ಮುಂದುವರಿಸುವ ಗುತ್ತಿಗೆ ಕೆಲಸ. ಬಾಯಿ ಬಿಟ್ಟರೆ ತನ್ನ ಅನ್ನಕ್ಕೆ ತಾನೇ ಕಲ್ಲು ಹಾಕಿಕೊಂಡಂತೆ. ಆದರೂ ಮುಖ್ಯಸ್ಥರ ಬಾಗಿಲು ತಟ್ಟಿದರು.

“ಸರ್, ಇದನ್ನ ನಂಬಬೇಡಿ. ಜಾಸ್ತಿ ತೊಳೆದುಬಿಟ್ಟಿದೀನೇನೋ. ನಾಳೆ ಈ ಔಷಧಿನ ಯಾರದೋ ಅಣ್ಣನಿಗೆ ಕೊಡ್ತಾರಲ್ವಾ?”

ಅವರು ಲೆಕ್ಕದ ಹಾಳೆಯನ್ನು ಪಕ್ಕಕ್ಕಿಟ್ಟು, “ಮತ್ತೆ ಮಾಡೋಣ” ಎಂದರು. ಮೂರು ವಾರ ಅಕ್ಕ ಫೋನನ್ನು ಹೊರಗಿಟ್ಟೇ ತೊಳೆದರು. ಔಷಧಿ ಅಂಟನ್ನು ತಡೆದದ್ದು ನಿಜ, ಆದರೆ ಅರ್ಧದಷ್ಟು ಮಾತ್ರ. ಕೆಲಸ ಉಳಿಯಿತು. ಈಗ ಮುಖ್ಯಸ್ಥರು ಯಾವ ಲೆಕ್ಕ ನೋಡುವ ಮೊದಲೂ “ಅಕ್ಕ, ನಂಬಬಹುದಾ?” ಎಂದು ಕೇಳುತ್ತಾರೆ.

ಪೂರ್ತಿ ಗೆಲುವು ಅರ್ಧವಾಯಿತಲ್ಲ, ಬೇಜಾರಾಗಲಿಲ್ಲವೇ ಎಂದು ಕೇಳಿದರೆ ಅಕ್ಕ ಮುಂದಿನ ತಟ್ಟೆಯನ್ನು ಓರೆ ಮಾಡುತ್ತಾರೆ. ನಾಲ್ಕೂ ಎಣಿಸಿ ಮುಗಿಸಿ ತಟ್ಟೆ ಕೆಳಗಿಡುತ್ತಾರೆ.

“ಅರ್ಧವೇ ಇರ್ಲಿ ಬಿಡಿ. ನಿಜವಾದ ಅರ್ಧ ಅದು.”